ಬಲೆಗೆ ಬಿದ್ದವರನ್ನು ನೋಡಿ ನಕ್ಕರೆ ಲಾಭ ಯಾರಿಗೆ?

ಚಳ್ಳಕೆರೆಯ ಹಿರಿಯ ಓದುಗರಿಗೆ ನಮಸ್ಕಾರ.

ಪ್ರೀತಿಯ ನಾಟಕವಾಡಿ ಗುಟ್ಟು ಕಸಿಯುವ ಹನಿಟ್ರ್ಯಾಪ್ ಬೇಹುಗಾರಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಿಟ್ಟಿನಿಂದಲೇ ಬರೆದಿದ್ದೀರಿ. ‘ಹೆಣ್ಣಿನ ಹಿಂದೆ ಬಿದ್ದು ದೇಶ ಮಾರಿದವರ ಮೇಲೆ ನಿಮಗೇಕೆ ಕನಿಕರ? ದೊಡ್ಡ ದೊಡ್ಡ ವಿಜ್ಞಾನಿಗಳ ಕಥೆ ಕಟ್ಟಿಕೊಂಡು ನಮ್ಮ ದುರ್ಗದ ಸೀಮೆಯ ಹುಡುಗರಿಗೆ ಆಗಬೇಕಾದ್ದೇನು?’ ಎಂದು ಕೇಳಿದ್ದೀರಿ. ಪತ್ರದ ಕೊನೆಗೆ ಇನ್ನೊಂದು ಮಾತಿದೆ. ರಕ್ಷಣಾ ಸಂಸ್ಥೆಗಳಿರುವ ಹುಲ್ಲುಗಾವಲಿನ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುವ ನಿಮ್ಮ ತಂಗಿಯ ಮಗನಿಗೆ ಫೇಸ್‌ಬುಕ್‌ನಲ್ಲಿ ಪರಿಚಯವಾದ ಹುಡುಗಿಯೊಬ್ಬಳು ದಿನಾ ರಾತ್ರಿ ಮೆಸೇಜ್ ಮಾಡುತ್ತಾಳಂತೆ. ನಾನು ಇಷ್ಟುದ್ದ ಉತ್ತರ ಬರೆಯಲು ಕುಳಿತದ್ದು ಆ ಮಾತಿಗಾಗಿ.

ಮೊದಲು ‘ಹೆಣ್ಣಿನ ಹಿಂದೆ ಬಿದ್ದವರು’ ಎಂಬ ಮಾತು. ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿಯ ಬೇಹುಗಾರಿಕೆಯ ಮುಖ್ಯಸ್ಥ ಮಾರ್ಕುಸ್ ವೋಲ್ಫ್ ಪಶ್ಚಿಮ ಜರ್ಮನಿಯ ಆಗಿನ ರಾಜಧಾನಿ ಬಾನ್ ನಗರಕ್ಕೆ ಕಳಿಸಿದ್ದು ಗಂಡಸರನ್ನು. ಅವರ ಗುರಿ ಸರ್ಕಾರಿ ಕಚೇರಿಗಳಲ್ಲಿ ಟೈಪು ಮಾಡುತ್ತಿದ್ದ, ಫೈಲು ಜೋಡಿಸುತ್ತಿದ್ದ ಒಂಟಿ ಹೆಂಗಸರು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯೂ ಅದೇ ದಾರಿ ಹಿಡಿದಿತ್ತು. ಪಶ್ಚಿಮ ಜರ್ಮನಿಯ ವಿದೇಶಾಂಗ ಇಲಾಖೆಯಲ್ಲಿ ಕಾರ್ಯದರ್ಶಿಯಾಗಿದ್ದ ಲಿಯೊನೋರೆಯನ್ನು 1960ರಲ್ಲಿ ಮದುವೆಯಾದ ಹೈಂಜ್ ಸುಟರ್ಲಿನ್ ಕೆಜಿಬಿಯ ಏಜೆಂಟ್. 1967ರಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಗಂಡ ತನ್ನನ್ನು ಕಟ್ಟಿಕೊಂಡದ್ದೇ ಕಾಗದಪತ್ರಗಳಿಗಾಗಿ ಎಂದು ತಿಳಿದ ಮೇಲೆ ಆಕೆ ಸೆರೆಮನೆಯಲ್ಲೇ ಪ್ರಾಣ ಕಳೆದುಕೊಂಡಳು. ಇವಳನ್ನು ಕಾಮುಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸಂಜೆ ಮನೆಗೆ ಬಂದಾಗ ‘ಇವತ್ತು ಆಫೀಸಿನಲ್ಲಿ ಏನಾಯಿತು’ ಎಂದು ಕೇಳುವವರೊಬ್ಬರು ಬೇಕೆನಿಸುವುದು ಯಾರಿಗೂ ಸಹಜ.

ಎದುರಾಳಿಯ ಕಡೆಯ ಎಂಥವರನ್ನು ಒಲಿಸಿಕೊಳ್ಳಬಹುದು ಎಂದು ಹೇಳುವಾಗ ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯ ಜನರನ್ನು ಹೆಸರಿಸುತ್ತದೆ: ಸಿಟ್ಟಾದವರು, ಹೆದರಿದವರು, ದುರಾಸೆಯವರು, ತಮ್ಮ ಯೋಗ್ಯತೆಗೆ ತಕ್ಕ ಮರ್ಯಾದೆ ಸಿಗಲಿಲ್ಲ ಎಂದುಕೊಂಡ ಸ್ವಾಭಿಮಾನಿಗಳು. ಈ ಪಟ್ಟಿಯಲ್ಲಿ ಕಾಮಕ್ಕೆ ಬೇರೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ರೂಪ ಬಾಗಿಲು ತೆರೆಸುತ್ತದೆ, ಅಷ್ಟೆ. ಒಳಗೆ ಬಂದವರು ತಡಕುವುದು ಈ ನಾಲ್ಕರಲ್ಲಿ ಒಂದನ್ನು.

ಈಗಿನ ಪ್ರಕರಣಗಳಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ‘ಊಟ ಆಯ್ತಾ?’ ಎಂದು ಶುರುವಾಗುತ್ತದೆ. ವಾರಗಟ್ಟಲೆ ಏನನ್ನೂ ಕೇಳುವುದಿಲ್ಲ. ಸೂಪರ್‌ವೈಸರ್ ಬೈದ ಎಂದರೆ ‘ನಿಮ್ಮಂಥವರ ಬೆಲೆ ಅವರಿಗೆ ಗೊತ್ತಿಲ್ಲ ಬಿಡಿ’ ಎನ್ನುತ್ತಾಳೆ. ಆಮೇಲೆ ‘ಐಡಿ ಕಾರ್ಡ್ ಹಾಕಿಕೊಂಡು ಒಂದು ಫೋಟೊ ಕಳಿಸಿ, ಅಮ್ಮನಿಗೆ ತೋರಿಸಬೇಕು’. ಫೋಟೊದ ಹಿಂದೆ ಗೇಟು, ಬೋರ್ಡು, ನಿಂತ ವಾಹನ ಎಲ್ಲವೂ ಬಂದಿರುತ್ತದೆ. ಒಂದು ದಿನ ‘ನನ್ನ ವಾಟ್ಸಾಪ್ ಹೋಗಿದೆ, ನಿಮ್ಮ ನಂಬರಿಗೆ ಬರುವ ಒಟಿಪಿ ಹೇಳಿ’. ಹೇಳಿದರೆ ಅವನ ಭಾರತೀಯ ನಂಬರಿನಲ್ಲಿ ಗಡಿಯಾಚೆ ಒಂದು ಖಾತೆ ತೆರೆಯುತ್ತದೆ, ಮುಂದಿನ ಹುಡುಗನನ್ನು ಹಿಡಿಯುವುದು ಅದರಿಂದಲೇ. ನಡುವೆ ಹಬ್ಬದ ಖರ್ಚಿಗೆಂದು ಸ್ವಲ್ಪ ಹಣ ಖಾತೆಗೆ ಬಿದ್ದಿರುತ್ತದೆ. ಪ್ರೀತಿಯ ಮಾತು ಅಲ್ಲಿಗೆ ಮುಗಿಯಿತು. ‘ಹಣ ತಗೊಂಡ ದಾಖಲೆ ನನ್ನ ಹತ್ತಿರ ಇದೆ, ವಿಡಿಯೊ ಕಾಲ್ ರೆಕಾರ್ಡ್ ಆಗಿದೆ’ ಎನ್ನುವ ಬೇರೆಯದೇ ದನಿ ಕೇಳಿಬರುತ್ತದೆ.

ಗುತ್ತಿಗೆಯ ಹುಡುಗನಿಗೆ ಏನು ಗೊತ್ತಿರುತ್ತದೆ ಎನ್ನಬಹುದು ನೀವು. ನಿಮ್ಮ ತಾಲ್ಲೂಕಿನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ 2017ರಿಂದ ಕೆಲಸ ಮಾಡುತ್ತಿದೆ. ಯಾವ ದಿನ ಹಾರಾಟ, ಯಾವ ಗೇಟಿನಿಂದ ಲಾರಿ ಬಂತು, ಬೆಂಗಳೂರಿನಿಂದ ಯಾರು ಬಂದು ಉಳಿದರು, ಇವು ಡ್ರೈವರಿಗೂ ಕ್ಯಾಂಟೀನಿನವನಿಗೂ ಗೊತ್ತು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಬಿದ್ದಾಗ ಅದರ ವಿಡಿಯೊ ಎಷ್ಟು ಬೇಗ ಎಲ್ಲರ ಮೊಬೈಲಿಗೂ ಬಂತು ನೆನಪಿದೆಯೇ? ಕೂಡಿಸಿ ನೋಡುವವರ ಕೈಗೆ ಸಿಕ್ಕರೆ ಇಂಥ ಚೂರುಗಳಿಂದಲೇ ಚಿತ್ರ ಮೂಡುತ್ತದೆ.

ಈಗ ಕನಿಕರದ ಮಾತು. ಗೊತ್ತಿದ್ದೂ ಗುಟ್ಟು ಕೊಟ್ಟವನಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ನಿಮಗೂ ನನಗೂ ಭೇದವಿಲ್ಲ. ಇಸ್ಲಾಮಾಬಾದಿನ ನಮ್ಮ ಹೈಕಮಿಷನ್‌ನಲ್ಲಿದ್ದ ಮಾಧುರಿ ಗುಪ್ತಾ ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದಲ್ಲಿ 2010ರಲ್ಲಿ ಬಂಧನಕ್ಕೊಳಗಾಗಿ, 2018ರಲ್ಲಿ ದೆಹಲಿ ನ್ಯಾಯಾಲಯದಿಂದ ಮೂರು ವರ್ಷದ ಶಿಕ್ಷೆ ಪಡೆದರು. ಆದರೆ ಮೊದಲ ತಪ್ಪಿಗೂ ದೇಶದ್ರೋಹಕ್ಕೂ ನಡುವೆ ಒಂದಷ್ಟು ದಿನಗಳಿರುತ್ತವೆ. ಆ ದಿನಗಳಲ್ಲಿ ಬಾಯಿ ಬಿಟ್ಟವನು ಉಳಿದುಕೊಳ್ಳಬಹುದು. ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿಯ ಗುಮಾಸ್ತ ಜಾನ್ ವಸಾಲ್‌ನನ್ನು 1954ರಲ್ಲಿ ಸೋವಿಯತ್ ಬೇಹುಗಾರರು ಒಂದು ಪಾರ್ಟಿಗೆ ಕರೆದು, ಗಂಡಸರ ಜೊತೆಗಿನ ಫೋಟೊ ತೆಗೆದರು. ಅವನ ದೇಶದಲ್ಲಿ ಆಗ ಸಲಿಂಗ ಸಂಬಂಧವೇ ಅಪರಾಧ. ಯಾರ ಬಳಿಯೂ ಹೇಳಿಕೊಳ್ಳಲಾರದೆ 1962ರಲ್ಲಿ ಸಿಕ್ಕಿಬೀಳುವವರೆಗೂ ನೌಕಾದಳದ ಗುಟ್ಟುಗಳನ್ನು ಕೊಡುತ್ತಲೇ ಹೋದ. 18 ವರ್ಷದ ಶಿಕ್ಷೆಯಾಯಿತು. ಮರ್ಯಾದೆ ಹೋಗುವ ಭಯವೇ ಬೇಹುಗಾರನಿಗೆ ಆಯುಧವಾಗಿರುವಾಗ, ಹಳ್ಳಿಕಟ್ಟೆಯಲ್ಲಿ ಕೂತು ಇಂಥವರನ್ನು ಆಡಿಕೊಂಡು ನಗುವವರು ತಮಗೆ ತಿಳಿಯದೆಯೇ ಅವನ ಪರವಾಗಿ ದುಡಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಆ ಹುಡುಗಿ ನಿಜವಾಗಿಯೂ ಯಾವುದೋ ಊರಿನ ಒಳ್ಳೆಯ ಹುಡುಗಿಯೇ ಇರಬಹುದು. ಹಾಗಾಗಿ ಅಳಿಯನ ಮೇಲೆ ರೇಗಬೇಡಿ, ಮೊಬೈಲ್ ಕಿತ್ತುಕೊಳ್ಳಬೇಡಿ. ಊಟ ಮಾಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಮೂರು ವಿಷಯ ಕೇಳಿ: ಕೆಲಸದ ಜಾಗದ ಫೋಟೊ ಕೇಳಿದ್ದಾಳಾ, ಒಟಿಪಿ ಕೇಳಿದ್ದಾಳಾ, ದುಡ್ಡು ಹಾಕಿದ್ದಾಳಾ. ಒಂದಕ್ಕಾದರೂ ಹೌದೆಂದರೆ ಚಾಟ್ ಅಳಿಸಲು ಬಿಡದೆ ಅವನನ್ನು ಅಲ್ಲಿನ ಭದ್ರತಾ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋಗಿ. ಹಣದ ವ್ಯವಹಾರ, ಬೆದರಿಕೆ ನಡೆದಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ. ಅವನ ಜೊತೆ ನೀವೂ ಹೋಗಿ, ಒಬ್ಬನನ್ನೇ ಕಳಿಸಬೇಡಿ.

– ಸಂಪಾದಕ, ದಾವಣಗೆರೆ