ಪ್ರತಿಕ್ರಿಯೆ: ನುಡಿಯಲ್ಲಿ ² ಮತ್ತು ° ಬರುತ್ತಿಲ್ಲ
ಸರ್, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಚದರ ಮೀಟರಿನ ², ಡಿಗ್ರಿಯ ° ಹೊಡೆದರೆ ಯಾವುದೋ ಕನ್ನಡ ಅಕ್ಷರದ ಚೂರು ಬರುತ್ತೆ ಅಂದಿದ್ದೀರಿ. ನೀವು ಆಲ್ಟ್ ಕೀ ಜೊತೆ ಹೊಡೆಯುವ ಅಂಕಿ, ಅಂದ್ರೆ ಕೋಡ್, ಸರಿಯಾಗೇ ಇದೆ, ತಕರಾರು ಫಾಂಟಿನದು. ನುಡಿಯ ಹಳೇ ಫಾಂಟುಗಳು ಆ ಚಿಹ್ನೆಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿವೆ. ಆ ಒಂದು ಅಕ್ಷರ ಮಾತ್ರ ಸೆಲೆಕ್ಟ್ ಮಾಡಿ, ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ಚಿಹ್ನೆ ಸರಿಯಾಗಿ ಕಾಣುತ್ತೆ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಬೇರೆಬೇರೆ ಕೋಡ್ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ರಗಳೆಯೇ ಇಲ್ಲ.

ಆಲ್ಟ್ ಒತ್ತಿ ಹಿಡಿದು 0176 ಹೊಡೆದರೆ °, 0178ಕ್ಕೆ ², 0179ಕ್ಕೆ ³, 0177ಕ್ಕೆ ±. ನಮ್ಮ ದಾವಣಗೆರೆ ಕಡೆ ಸೈಟ್ ನಕ್ಷೆಗೆ 30×40 ಅಂತ ಹಾಕುವಾಗ ಜಾಸ್ತಿ ಜನ ಸುಮ್ನೆ ಇಂಗ್ಲಿಷ್ ಎಕ್ಸ್ ಒತ್ತಿಬಿಡ್ತಾರೆ, ಅಲ್ವಾ? ನಿಜವಾದ × ಬೇಕಾದರೆ 0215. ಅಂಕಿಗಳನ್ನು ಬಲಗಡೆಯ ನಂಬರ್ ಪ್ಯಾಡಿನಲ್ಲೇ ಹೊಡೆಯಬೇಕು, ನಮ್ ಲಾಕ್ ಆನ್ ಇರಬೇಕು. ಮೇಲಿನ ಸಾಲಿನ ಅಂಕಿಗಳಿಂದ ಆಗಲ್ಲ.

≥ ಬೇಕಿದ್ದರೆ ವರ್ಡ್‌ನಲ್ಲಿ ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷ್‌ಗೆ ಬನ್ನಿ, 2265 ಟೈಪ್ ಮಾಡಿ, ತಕ್ಷಣ ಆಲ್ಟ್ ಜೊತೆ ಎಕ್ಸ್ ಒತ್ತಿ. ≤ ಗೆ 2264, ಓಮ್‌ನ Ω ಗೆ 2126.

ಲ್ಯಾಪ್‌ಟಾಪಿನಲ್ಲಿ ನಂಬರ್ ಪ್ಯಾಡ್ ಇಲ್ಲ ಅಂದ್ರೆ, ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಚುಕ್ಕಿ ಒತ್ತಿ ನೋಡಿ. ಎಮೋಜಿ ಪಕ್ಕದಲ್ಲೇ ಚಿಹ್ನೆಗಳೂ ಇವೆ.