ಅಂಕ 4.4 ಇದ್ದರೂ ಒಪ್ಪಂದಕ್ಕೆ ಸಹಿ ಯಾಕಿಲ್ಲ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದು 14 ಜನರ ಸಣ್ಣ ಬಿಪಿಓ. ಬ್ರಿಟನ್ನಿನ ಒಂದು ಆನ್‌ಲೈನ್ ಬಟ್ಟೆ ಅಂಗಡಿಯ ಗ್ರಾಹಕರ ಕರೆ, ಚಾಟ್ ನೋಡಿಕೊಳ್ಳುತ್ತೇವೆ. ಗ್ರಾಹಕರು ಕೊಡುವ ಅಂಕ 5ಕ್ಕೆ 4.4. ಸರಾಸರಿ ಕರೆ 6 ನಿಮಿಷದೊಳಗೆ ಮುಗಿಯುತ್ತದೆ. ಜುಲೈ ಮಳೆಗೆ ಇಂಟರ್‌ನೆಟ್ ಲೈನ್ ಹೋಗಿ ಅರ್ಧ ದಿನ ಕೆಲಸ ನಿಂತದ್ದು ಬಿಟ್ಟರೆ ತಕರಾರಿಲ್ಲ. ಆದರೂ ಕಂಪನಿ ಮುಂದಿನ ವರ್ಷದ ಒಪ್ಪಂದಕ್ಕೆ ಹಿಂದೇಟು ಹಾಕುತ್ತಿದೆ. ಎಲ್ಲಿ ಎಡವಿದ್ದೇವೆ?

ಉತ್ತರ: ನೀವು ‘ಬಿಟ್ಟರೆ’ ಎಂದು ಬದಿಗೆ ಸರಿಸಿದ ಆ ಅರ್ಧ ದಿನದ ಮೇಲೇ ನನ್ನ ಅನುಮಾನ. ಲೈನ್ ಹೋದದ್ದು ಕಂಪನಿಗೆ ಯಾರಿಂದ ಗೊತ್ತಾಯಿತು? ನಿಮ್ಮಿಂದಲೋ, ಕಾದು ಕಾದು ಸಿಟ್ಟಾದ ಗ್ರಾಹಕರಿಂದಲೋ? ಎರಡನೆಯದಾಗಿದ್ದರೆ 4.4 ಅಲ್ಲ, 4.9 ಇದ್ದರೂ ಉಪಯೋಗವಿಲ್ಲ. ವಖಾರಿಗೆ ಅಡಿಕೆ ಹಾಕುವವರು ದರವೊಂದನ್ನೇ ನೋಡುತ್ತಾರೆಯೇ? ತೂಕದಲ್ಲಿ ಎಷ್ಟು ಕಳೆದರು, ಕಳೆದದ್ದನ್ನು ಎದುರಿಗೇ ಹೇಳಿದರೋ ಎಂದೂ ನೋಡುತ್ತಾರೆ.

ಬ್ರಿಟನ್ನಿನವರ ಅಂಜಿಕೆಗೆ ಕಾನೂನಿನ ಕಾರಣವೂ ಇದೆ. ಗ್ರಾಹಕರ ಮಾಹಿತಿ ಸೋರಿ ಅವರಿಗೆ ಅಪಾಯವಾಗುವಂತಿದ್ದರೆ, ತಿಳಿದ 72 ಗಂಟೆಯೊಳಗೆ ಕಂಪನಿ ಅಲ್ಲಿನ ನಿಯಂತ್ರಕರಿಗೆ ವರದಿ ಕೊಡಬೇಕು. ನೀವು ಬಾಯಿ ಬಿಡದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಲೈನ್ ಹೋದದ್ದನ್ನೇ ಹೇಳದವರು ಇದನ್ನು ಹೇಳಿಯಾರೇ ಎಂದು ಅವರಿಗೆ ಅನಿಸಿದರೆ ತಪ್ಪೇನು? 2005ರಲ್ಲಿ ಪುಣೆಯ ಕಾಲ್ ಸೆಂಟರ್ ನೌಕರರು ಅಮೆರಿಕದ ಬ್ಯಾಂಕ್ ಗ್ರಾಹಕರ ಪಿನ್ ಪಡೆದು ಹಣ ಎಗರಿಸಿದ ಪ್ರಕರಣ ಈ ಧಂದೆಗೆ ಅಂಟಿದ ಕಲೆ. ಕಾರ್ಡ್ ನಂಬರನ್ನು ನಿಮ್ಮ ಹುಡುಗರು ಕೇಳಿ ಬರೆದುಕೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಿ. ಗ್ರಾಹಕರೇ ಫೋನಿನ ಕೀಲಿಯಲ್ಲಿ ಒತ್ತುವ ವ್ಯವಸ್ಥೆ ಇದೆ.

ಇನ್ನು ಅಂಕ. ಪಾರ್ಸೆಲ್ ಬಾರದೆ ಮೂರು ಸಲ ಫೋನ್ ಮಾಡಿದವರು ಮೂರೂ ಸಲ ನಿಮ್ಮ ಹುಡುಗಿಯ ಸೌಜನ್ಯಕ್ಕೆ 5 ಕೊಟ್ಟಿರಬಹುದು. ಪಾರ್ಸೆಲ್ ಮಾತ್ರ ಬಂದಿಲ್ಲ! ಅದೇ ವಿಷಯಕ್ಕೆ ವಾರದೊಳಗೆ ಮತ್ತೆ ಕರೆ ಮಾಡಿದವರೆಷ್ಟು ಎಂದು ಎಣಿಸಿ. 6 ನಿಮಿಷದ ಮಿತಿಗೆ ಹೆದರಿ ‘ಇಮೇಲ್ ಬರುತ್ತದೆ’ ಎಂದು ಕರೆ ಮುಗಿಸುವ ಚಾಳಿ ಅಲ್ಲಿ ಸಿಕ್ಕಿಬೀಳುತ್ತದೆ.

ಮುಂದಿನ ಮಳೆಗಾಲಕ್ಕೆ ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಲೈನ್ ಹಾಕಿಸಿ. ಎರಡೂ ಒಂದೇ ಕಂಬದಲ್ಲಿ ನೇತಾಡುತ್ತಿದ್ದರೆ ಒಂದು ಮರ ಬಿದ್ದರೆ ಮುಗಿಯಿತು. ಹುಬ್ಬಳ್ಳಿಯಿಂದ ಕೆಲಸ ಮಾಡಬಲ್ಲ ಇಬ್ಬರನ್ನೂ ಗೊತ್ತುಮಾಡಿಡಿ. ಒಪ್ಪಂದದ ಮಾತಿಗೆ ಕೂರುವಾಗ ಅಂಕದ ಪಟ್ಟಿ ಆಮೇಲೆ ತೋರಿಸಿ. ಜುಲೈನಲ್ಲಿ ಎಷ್ಟು ಹೊತ್ತಿಗೆ ಲೈನ್ ಹೋಯಿತು, ಎಷ್ಟು ಕರೆ ತಪ್ಪಿತು, ಯಾರಿಗೆ ತಿರುಗಿ ಫೋನ್ ಮಾಡಲಿಲ್ಲ ಎಂಬ ಒಂದು ಪುಟ ಮೊದಲು ಕೊಡಿ, ಅವರು ಕೇಳುವ ಮುಂಚೆ.