ಪೇಮೆಂಟ್ ಕೇಳಿದರೆ ಸಂಬಂಧ ಕೆಡುತ್ತಾ?

ಪೀಣ್ಯದ ಕಸ್ಟಮರ್ ಮೂರು ತಿಂಗಳಿಂದ ದುಡ್ಡು ಕೊಟ್ಟಿಲ್ಲ, ಕೇಳಿದರೆ ಮುಂದಿನ ಆರ್ಡರ್ ಹೋಗುತ್ತೇನೋ ಅಂತ ಭಯ ಅಂದಿದ್ದೀರಿ. ಕೇಳಿ ಸರ್, ಆದರೆ ಪರ್ಚೇಸ್ ಮ್ಯಾನೇಜರ್‌ಗೆ ದಿನಾ ಫೋನ್ ಮಾಡಬೇಡಿ. ಚೆಕ್ ಬರೆಯೋದು ಅವರಲ್ಲ.

ನಾನು ಹೊಸದಾಗಿ ಅಕೌಂಟ್ ಮ್ಯಾನೇಜರ್ ಆದಾಗ ಒಂದು ಕಂಪನಿಯ ಹಿಂದೆ ಎರಡು ತಿಂಗಳು ಅಲೆದೆ. ಕೊನೆಗೆ ಅವರ ಸ್ಟೋರ್ಸ್ ಹುಡುಗನ ಜೊತೆ ಗೇಟ್ ಪಕ್ಕ ಬೈ ಟೂ ಕಾಫಿ ಕುಡೀತಾ ಕೇಳಿದರೆ, "ನಿಮ್ಮ ಬಿಲ್ಲಲ್ಲಿ ಪಿಒ (ಪರ್ಚೇಸ್ ಆರ್ಡರ್) ನಂಬರ್ ತಪ್ಪಿದೆ, ಜಿಆರ್‌ಎನ್ನೇ ಆಗಿಲ್ಲ" ಅಂದ. ಜಿಆರ್‌ಎನ್ ಅಂದರೆ ಸರಕು ಬಂತು ಅಂತ ಸ್ಟೋರ್ಸ್‌ನವರು ಮಾಡೋ ದಾಖಲೆ. ಬಿಲ್ಲು ಟ್ರೇಯಲ್ಲೇ ಕೂತಿತ್ತು! ತಪ್ಪು ನಮ್ಮದೇ. ಹಾಗಾಗಿ ಮೊದಲು ಸ್ಟೋರ್ಸ್, ಆಮೇಲೆ ಅಕೌಂಟ್ಸ್‌ನವರನ್ನ ವಿಚಾರಿಸಿ. ಜಿಎಸ್‌ಟಿ ಪೋರ್ಟಲ್‌ನ 2ಬಿಯಲ್ಲಿ (ಸಪ್ಲೈಯರ್‌ಗಳು ಸಲ್ಲಿಸಿದ ಬಿಲ್ಲುಗಳು ಕಸ್ಟಮರ್‌ಗೆ ಕಾಣೋ ಪಟ್ಟಿ) ನಿಮ್ಮ ಇನ್‌ವಾಯ್ಸ್ ಕಾಣದೇ ಇದ್ದರೂ ಎಷ್ಟೋ ಕಡೆ ಪೇಮೆಂಟ್ ತಡೆಹಿಡೀತಾರೆ.

ಎಲ್ಲಾ ಸರಿಯಿದ್ದೂ ಎಳೆದಾಡ್ತಿದ್ದರೆ: ನಿಮ್ಮದು ಉದ್ಯಮ್ ನೋಂದಣಿ ಇರೋ ಸಣ್ಣ ತಯಾರಿಕಾ ಘಟಕ ಅಂದಿರಲ್ಲ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ ಅಷ್ಟೇ. ತಡವಾದರೆ ಬಡ್ಡಿಯೂ ಸೇರುತ್ತೆ. ಅವಧಿ ಮೀರಿದ ಬಾಕಿಯನ್ನ ಆ ಹಣಕಾಸು ವರ್ಷದೊಳಗೆ ತೀರಿಸದಿದ್ದರೆ ಅವರಿಗೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನ ಖರ್ಚು ಅಂತ ತೋರಿಸೋಕೂ ಆಗಲ್ಲ. ಇದನ್ನ ಬೆದರಿಕೆ ಥರ ಹೇಳಬೇಡಿ. ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ ಬಾಕಿ ಸ್ಟೇಟ್‌ಮೆಂಟ್ ಮೇಲ್ ಮಾಡಿ, ಸಾಕು. ಅವರ ಆಡಿಟರೇ ಉಳಿದದ್ದು ಹೇಳ್ತಾರೆ.

ಹಳೇದು ಬರೋವರೆಗೆ ಹೊಸ ಆರ್ಡರ್‌ಗೆ ಅರ್ಧ ಅಡ್ವಾನ್ಸ್ ಕೇಳಿ ನೋಡಿ.